ಕೈಗೆ ಸಿಗದ ಮೂರನೇ ಪ್ಲಗ್

ನಾವು ಮೂವರೂ ಮೆಕ್ಯಾನಿಕಲ್. ಆಟೋ ಸೈಕಲ್‌ನ ಪಿ-ವಿ ಡಯಾಗ್ರಾಂ ಕಣ್ಣು ಮುಚ್ಚಿ ಬರೀತೀವಿ. ಆದ್ರೆ ಒಂದು ಸ್ಪಾರ್ಕ್ ಪ್ಲಗ್ಗನ್ನು ಕೈಯಾರೆ ಬಿಚ್ಚಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಹೋದ ರಜೆಯಲ್ಲಿ ಅದಕ್ಕೊಂದು ಅವಕಾಶ ಸಿಕ್ಕಿತು. ನಮ್ಮ ಗೆಳೆಯನ ಚಿಕ್ಕಪ್ಪ ದಿನಾ ಬೆಳಗಿನ ಜಾವ ಓಮ್ನಿಯಲ್ಲಿ ಹೂವು ತುಂಬಿಕೊಂಡು ಮಾರ್ಕೆಟ್‌ಗೆ ಹೋಗ್ತಾರೆ. ಆ ಗಾಡಿ ಏರು ಹತ್ತುವಾಗ ಮಿಸ್ಸಿಂಗ್ ಹೊಡೀತಿತ್ತು.

"ನೀವೇ ಮಾಡ್ತೀರೇನ್ರೋ? ಮಾಡಿ. ಆದ್ರೆ ನಾಳೆ ನಾಲ್ಕು ಗಂಟೆಗೆ ಗಾಡಿ ಹೊರಡ್ಬೇಕು" ಅಂದರು ಚಿಕ್ಕಪ್ಪ. ಹೊರಡದಿದ್ದರೆ ಒಂದು ದಿನದ ಹೂವು ಹಾಳು. ಪರೀಕ್ಷೆಗಿಂತ ಜಾಸ್ತಿ ಭಯ ಆಯ್ತು.

ಎಂಜಿನ್ ಎಲ್ಲಿದೆ?

ಓಮ್ನಿ 1984ರಲ್ಲಿ ಬಂತು, 2019ರಲ್ಲಿ ತಯಾರಿ ನಿಂತಿತು. ಇದಕ್ಕೆ ಬಾನೆಟ್ ಇಲ್ಲ. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮುಂದಿನ ಸೀಟಿನ ಕೆಳಗೆ ಕೂತಿದೆ. ಸೀಟು ಎತ್ತಿದರೆ ಒಂದು ಗುಂಡಿ, ಅದರ ತುಂಬ ಪೈಪು, ವೈರು. ಎರಡು ಪ್ಲಗ್ ಹೇಗೋ ಕೈಗೆ ಸಿಗುತ್ತವೆ. ಮೂರನೆಯದು ಕಣ್ಣಿಗೂ ಕಾಣಲ್ಲ, ಬೆರಳಿಂದ ತಡಕಬೇಕು.

ಗ್ಯಾಪ್ ಯಾಕೆ ಮುಖ್ಯ?

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಕಿಡಿ. 3000 ಆರ್‌ಪಿಎಂ ಅಂದರೆ ಒಂದೊಂದು ಪ್ಲಗ್ ಸೆಕೆಂಡಿಗೆ 25 ಸಲ ಕಿಡಿ ಹಾರಿಸಬೇಕು. ಪ್ರತಿ ಕಿಡಿಯೂ ಎಲೆಕ್ಟ್ರೋಡ್‌ನಿಂದ ಚೂರೇ ಚೂರು ಲೋಹ ತಿನ್ನುತ್ತೆ, ಗ್ಯಾಪ್ ದೊಡ್ಡದಾಗ್ತಾ ಹೋಗುತ್ತೆ. ಪಾಶೆನ್ 1889ರಲ್ಲಿ ತೋರಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತೆ: ಗಾಳಿಯಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು ಒತ್ತಡ ಮತ್ತು ದೂರದ ಗುಣಲಬ್ಧದ ಮೇಲೆ ನಿಂತಿದೆ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರ್ ಒಳಗೆ ಒತ್ತಡ ಹೆಚ್ಚು. ಜೊತೆಗೆ ಗ್ಯಾಪೂ ದೊಡ್ಡದಾಗಿದ್ದರೆ ಕಾಯಿಲ್ ಕೊಡುವ ವೋಲ್ಟೇಜು ಸಾಲಲ್ಲ. ಸಮತಟ್ಟಿನಲ್ಲಿ ಚೆನ್ನಾಗಿ ಓಡುವ ಗಾಡಿ ಏರಿನಲ್ಲಿ ಮಾತ್ರ ಎಡವೋದು ಹೀಗೆ.

ಬಿಚ್ಚುವ ಕ್ರಮ

1. ಎಂಜಿನ್ ಪೂರ್ತಿ ತಣ್ಣಗಾಗಲಿ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಬಿಸಿಯಲ್ಲಿ ತಿರುಗಿಸಿದರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ಡೇ ಕಿತ್ತುಕೊಂಡು ಬರಬಹುದು.

2. ವೈರ್‌ಗಳಿಗೆ ಪೇಪರ್ ಟೇಪ್ ಅಂಟಿಸಿ 1, 2, 3 ಅಂತ ಬರೀರಿ. ಕ್ಯಾಪ್ ಹಿಡಿದು ಎಳೀರಿ, ವೈರ್ ಹಿಡಿದು ಬೇಡ.

3. ಪ್ಲಗ್ ಸುತ್ತ ಇರುವ ಧೂಳನ್ನು ಸೈಕಲ್ ಪಂಪಿನಿಂದ ಊದಿ. ಪ್ಲಗ್ ತೆಗೆದ ಮೇಲೆ ಊದಿದರೆ ಆ ಮರಳು ನೇರ ಸಿಲಿಂಡರ್ ಒಳಗೆ ಬೀಳುತ್ತೆ.

4. ಪ್ಲಗ್ ಸ್ಪ್ಯಾನರ್ ನೆಟ್ಟಗೆ ಕೂತಿದೆಯಾ ನೋಡಿ ತಿರುಗಿಸಿ. ಓರೆಯಾದರೆ ಪಿಂಗಾಣಿ ಬಿರುಕು ಬಿಡುತ್ತೆ.

5. ಒಂದನ್ನು ಬಿಚ್ಚಿ, ಹೊಸದು ಹಾಕಿ, ಆಮೇಲೆ ಮುಂದಿನದಕ್ಕೆ ಹೋಗಿ.

ಹಳೇ ಪ್ಲಗ್‌ನ ತುದಿ ನೋಡದೆ ಎಸೀಬೇಡಿ. ತಿಳಿ ಕಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಆಗ್ತಿದೆ ಅಥವಾ ಕಿಡಿ ಸರಿಯಿಲ್ಲ. ಎಣ್ಣೆ ಹತ್ತಿ ಒದ್ದೆಯಾಗಿದ್ದರೆ ಆಯಿಲ್ ಮೇಲೆ ಬರ್ತಿದೆ. ತುಂಬಾ ಬೆಳ್ಳಗಿದ್ದರೆ ಅತಿ ಬಿಸಿ. ನಮ್ಮ ಮೊದಲ ಎರಡು ಪ್ಲಗ್ ಕಂದು, ಗ್ಯಾಪೂ ಸರಿ. ಮೂರನೆಯದನ್ನು ಎಕ್ಸ್‌ಟೆನ್ಷನ್ ಹಾಕಿ, ಅಂಗೈ ಕೆರೆದುಕೊಂಡು, ಮುಕ್ಕಾಲು ಗಂಟೆಯಲ್ಲಿ ತೆಗೆದೆವು. ಪೂರ್ತಿ ಕಪ್ಪು, ಎಲೆಕ್ಟ್ರೋಡ್ ಅಂಚು ಸವೆದು ಉರುಟಾಗಿತ್ತು. ಕಂಪನಿ ಹೆಸರೂ ಬೇರೆ!

ಚಿಕ್ಕಪ್ಪನಿಗೆ ತೋರಿಸಿದೆವು. ಅವರು ನಕ್ಕರು. "ಹೋದ ಸಲ ನಾನೇ ಹಾಕಿದ್ದು ಕಣ್ರೋ. ಇದಕ್ಕೆ ಕೈ ಹೋಗ್ಲಿಲ್ಲ, ಇರ್ಲಿ ಬಿಡು ಅಂತ ಬಿಟ್ಟೆ."

ಹಾಕುವಾಗ ಎಚ್ಚರ

ಹೊಸ ಪ್ಲಗ್‌ನ ಗ್ಯಾಪನ್ನು ಫೀಲರ್ ಗೇಜ್‌ನಿಂದ ಅಳೀರಿ. ಎಷ್ಟಿರಬೇಕು ಅನ್ನೋದು ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತೆ.

ನಾವು ತಪ್ಪಿದ್ದು ಮೂರನೆಯದನ್ನು ಹಾಕುವಾಗ. ಸ್ಪ್ಯಾನರ್‌ನಲ್ಲೇ ಇಟ್ಟು ತಿರುಗಿಸಿದೆವು. ಅರ್ಧ ಸುತ್ತಿಗೇ ಬಿಗಿಯಾಯ್ತು. "ಹಳೇ ಗಾಡಿ, ತುಕ್ಕು ಇರ್ಬೇಕು, ಇನ್ನೊಂಚೂರು ಒತ್ತು" ಅಂದ ನಮ್ಮಲ್ಲೊಬ್ಬ. ಚಿಕ್ಕಪ್ಪ ಓಡಿ ಬಂದರು: "ಬಿಡ್ರೋ! ಥ್ರೆಡ್ ಹೋದ್ರೆ ಹೆಡ್ಡೇ ಬಿಚ್ಚಬೇಕಾಗುತ್ತೆ." ಪ್ಲಗ್ ಓರೆಯಾಗಿ ಹತ್ತಿತ್ತು. ಹಿಂದಕ್ಕೆ ತಿರುಗಿಸಿ ತೆಗೆದೆವು. ಪುಣ್ಯಕ್ಕೆ ಥ್ರೆಡ್ ಉಳಿದಿತ್ತು.

ಆಗ ಅವರು ಒಂದು ಗೇಣುದ್ದ ಪೆಟ್ರೋಲ್ ಪೈಪ್ ತಂದು ಪ್ಲಗ್‌ನ ತಲೆಗೆ ಸಿಕ್ಕಿಸಿಕೊಟ್ಟರು. ಆ ರಬ್ಬರ್ ಪೈಪನ್ನು ಬೆರಳಲ್ಲಿ ತಿರುಗಿಸಬೇಕು. ಪ್ಲಗ್ ನೆಟ್ಟಗಿದ್ದರೆ ಸಲೀಸಾಗಿ ಒಳಗೆ ಹೋಗುತ್ತೆ, ಓರೆಯಾಗಿದ್ದರೆ ಪೈಪು ಜಾರುತ್ತೆ. ಜಾರೋದೇ ಅದರ ಗುಣ! ಥ್ರೆಡ್ ಹಾಳುಮಾಡುವಷ್ಟು ಬಲ ಅದಕ್ಕಿಲ್ಲ. ಉದ್ದದ ಹಿಡಿಯ ಸ್ಪ್ಯಾನರ್‌ಗೆ ಬಲ ಇದೆ, ಆದರೆ ಪ್ಲಗ್ ಓರೆಯಾದದ್ದು ನಮ್ಮ ಬೆರಳಿಗೆ ಗೊತ್ತಾಗಲ್ಲ.

ಪ್ಲಗ್ ಕೈಯಲ್ಲೇ ಪೂರ್ತಿ ಕೂತ ಮೇಲೆ ಸ್ಪ್ಯಾನರ್ ಹಿಡೀರಿ. ಅಲ್ಯೂಮಿನಿಯಂ ಹೆಡ್ಡಿಗೆ 14 ಮಿ.ಮೀ. ವಾಷರ್ ಪ್ಲಗ್ ಆದರೆ ಸುಮಾರು 25ರಿಂದ 30 ನ್ಯೂಟನ್ ಮೀಟರ್ ಸಾಕು. ಅಂದರೆ 20 ಸೆಂ.ಮೀ. ಹಿಡಿಯ ತುದಿಯಲ್ಲಿ 13ರಿಂದ 15 ಕೆಜಿಯಷ್ಟು ಭಾರ. ಟಾರ್ಕ್ ರೆಂಚ್ ಇಲ್ಲದಿದ್ದರೆ ಹೊಸ ಪ್ಲಗ್ ಅರ್ಧದಿಂದ ಮೂರನೇ ಎರಡು ಸುತ್ತು. ಥ್ರೆಡ್ ಪಿಚ್ 1.25 ಮಿ.ಮೀ., ಹಾಗಾಗಿ ಆ ಸುತ್ತಿನಲ್ಲಿ ಪ್ಲಗ್ ಒಳಗೆ ಹೋಗೋದು 0.6ರಿಂದ 0.8 ಮಿ.ಮೀ. ಮಾತ್ರ. ವಾಷರ್ ಚಪ್ಪಟೆಯಾಗಿ ಗ್ಯಾಸ್ ಸೋರದಂತೆ ಕೂರಲು ಅಷ್ಟೇ ಬೇಕು. ಹಳೇ ಪ್ಲಗ್ ಮತ್ತೆ ಹಾಕೋದಾದರೆ ವಾಷರ್ ಆಗಲೇ ಚಪ್ಪಟೆ, ಹನ್ನೆರಡನೇ ಒಂದು ಸುತ್ತು ಸಾಕು.

ಸಂಜೆ ಏಳಕ್ಕೆ ಕೀ ತಿರುಗಿಸಿದೆವು. ಗಾಡಿ ನಡುಗಲಿಲ್ಲ. ಕೆರೆ ಏರಿ ಮೇಲೆ ಎರಡು ಸಲ ಓಡಿಸಿ ನೋಡಿದೆವು, ಒಂದು ಸಲವೂ ಎಡವಲಿಲ್ಲ.

ಇಷ್ಟರಲ್ಲಿ ನಾವು ಕಲಿತದ್ದು ಎರಡು. ಕೈ ಹೋಗದ ಜಾಗವನ್ನು ಬಿಟ್ಟುಬಿಡಬೇಡಿ, ರೋಗ ಅಲ್ಲೇ ಇರಬಹುದು. ಕಣ್ಣು ಹೋಗದ ಜಾಗದಲ್ಲಿ ಬಲ ಹಾಕಬೇಡಿ. ಮರುದಿನ ನಾವು ಏಳುವಷ್ಟರಲ್ಲಿ ಗಾಡಿ ಮಾರ್ಕೆಟ್‌ನಿಂದ ವಾಪಸ್ ಬಂದಿತ್ತು. ಸೀಟಿನ ಮೇಲೆ ನಮಗೆ ಅಂತ ಒಂದು ಪೊಟ್ಟಣ ಬಿಸಿ ಇಡ್ಲಿ ಇತ್ತು.