ಕೋರ್ಟು ಕರೆದರೆ ಹೋಗಿಬಿಡು, ತಮ್ಮಾ

ಚೆಕ್ ಬೌನ್ಸ್ ಕೇಸಿನ ಸಮನ್ಸ್ ಹಿಡಿದು ಠಾಣೆಯವರು ಬಂದಾಗ ಹಿತ್ತಲ ಬಾಗಿಲಿಂದ ಜಾರಿಕೊಂಡೆಯಂತೆ. ನಿಮ್ಮಮ್ಮನೇ ಹೇಳಿದಳು. ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದ ಈ ಮುದುಕನ ಮಾತು ಒಂದಿಷ್ಟು ಕೇಳು.

ಕೈಗೆ ಸಿಗದಿದ್ದರೆ ಕೇಸು ನಿಲ್ಲುತ್ತದೆ ಅನ್ನುವುದೆಲ್ಲ ಅರಳಿಕಟ್ಟೆಯ ಕಾನೂನು. ನೀನಿಲ್ಲದಿದ್ದರೆ ಮನೆಯಲ್ಲಿರುವ ವಯಸ್ಕರಿಗೆ ಸಮನ್ಸ್ ಕೊಟ್ಟು ಸಹಿ ಹಾಕಿಸಿಕೊಳ್ಳಬಹುದು. ಮೊದಲು ಗಂಡಸರ ಕೈಗೇ ಕೊಡಬೇಕಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಹೆಂಗಸರ ಕೈಗೂ ಕೊಡಬಹುದು. ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸುತ್ತಾರೆ.

ಹಿಯರಿಂಗ್ ದಿನ ಅಟೆಂಡರ್ ಬಾಗಿಲಲ್ಲಿ ನಿಂತು ನಿನ್ನ ಹೆಸರು ಕೂಗುತ್ತಾನೆ. ಉತ್ತರವಿಲ್ಲ. ಆರ್ಡರ್ ಶೀಟಿನಲ್ಲಿ ‘ಆರೋಪಿ ಗೈರು’ ಎಂದು ಒಂದು ಸಾಲು ಬೀಳುತ್ತದೆ. ಸಾಮಾನ್ಯವಾಗಿ ಮೊದಲು ಜಾಮೀನು ಸಹಿತ ವಾರಂಟ್. ಅದಕ್ಕೂ ಬಗ್ಗದಿದ್ದರೆ ಜಾಮೀನುರಹಿತ ವಾರಂಟ್. ಹೀಗೆ ಮೆಟ್ಟಿಲು ಮೆಟ್ಟಿಲಾಗಿಯೇ ಹೋಗಬೇಕೆಂದು ಸುಪ್ರೀಂ ಕೋರ್ಟೇ 2007ರಲ್ಲಿ ಹೇಳಿದೆ. ಅಂದರೆ ಸರಿಪಡಿಸಿಕೊಳ್ಳಲು ನಿನಗೆ ಅವಕಾಶ ಕೊಟ್ಟೇ ಕೊಡುತ್ತಾರೆ. ವಾರಂಟಿಗೆ ಮಾತ್ರ ವಾಯಿದೆ ಇಲ್ಲ: ಕೋರ್ಟು ರದ್ದು ಮಾಡುವವರೆಗೆ ಅಥವಾ ನೀನು ಸಿಕ್ಕುವವರೆಗೆ ಅದು ಜೀವಂತ. ತಂಗಿಯ ಮದುವೆಯ ಚಪ್ಪರದಲ್ಲೂ ಹಿಡಿಯಬಹುದು.

ಆಗಲೂ ತಲೆಮರೆಸಿಕೊಂಡರೆ ಉದ್ಘೋಷಣೆ. ಕನಿಷ್ಠ 30 ದಿನ ಗಡುವು ಕೊಟ್ಟು, ಊರಲ್ಲಿ ಜನ ಕೂಡುವ ಜಾಗದಲ್ಲಿ ಅದನ್ನು ಓದಿ, ನಿನ್ನ ಮನೆಗೂ ಅಂಟಿಸುತ್ತಾರೆ. ಆಸ್ತಿ ಜಪ್ತಿಗೂ ದಾರಿಯಾಗುತ್ತದೆ. ಈ ಲೆಕ್ಕ ನೋಡು: ಚೆಕ್ ಕೇಸಿನಲ್ಲಿ ಜೈಲು ಅಂದರೆ ಗರಿಷ್ಠ 2 ವರ್ಷ. ಉದ್ಘೋಷಣೆಯಾದ ಮೇಲೂ ಬಾರದಿದ್ದರೆ ಅದೇ ಬೇರೆ ಅಪರಾಧ, 3 ವರ್ಷದವರೆಗೆ ಶಿಕ್ಷೆ. ಸಾಲಕ್ಕಿಂತ ಓಡಿದ್ದೇ ದುಬಾರಿ.

ಇನ್ನು ನಿನ್ನ ಪರವಾಗಿ ಪಹಣಿ ಕೊಟ್ಟು ಜಾಮೀನು ನಿಲ್ಲುವ ಗೆಳೆಯನನ್ನೂ ನೆನೆ. ನೀನು ಕೈಕೊಟ್ಟರೆ ಬಾಂಡಿನ ಹಣ ಕಟ್ಟುವವನು ಅವನು.

ಆದ್ದರಿಂದ ವಕೀಲರ ಜೊತೆ ನೀನೇ ಹೋಗು. ವಾರಂಟ್ ಆಗಲೇ ಹೊರಟಿದ್ದರೂ ತಾನಾಗಿ ಬಂದು ರದ್ದತಿಗೆ ಅರ್ಜಿ ಹಾಕಿದವನನ್ನು ನ್ಯಾಯಾಧೀಶರು ನೋಡುವ ದೃಷ್ಟಿಯೇ ಬೇರೆ; ಎಷ್ಟೋ ಸಲ ಸ್ವಲ್ಪ ದಂಡ ಹಾಕಿ ಮುಗಿಸಿದ್ದನ್ನು ಕಂಡಿದ್ದೇನೆ. ಜ್ವರ ಬಂದರೆ ಆ ದಿನದ ಹಾಜರಿಗೆ ವಿನಾಯಿತಿ ಕೇಳಬಹುದು, ವೈದ್ಯರ ಚೀಟಿ ಸಮೇತ. ‘ನಾನು ನೋಡ್ಕೋತೀನಿ’ ಅನ್ನುವ ವಕೀಲರನ್ನೂ ಪೂರ್ತಿ ನೆಚ್ಚಬೇಡ; ಮುಂದಿನ ತಾರೀಖನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀನೇ ನೋಡಿಕೋ. ವಕೀಲರ ಫೀಸಿಗೆ ಗತಿಯಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸು, ಅಥವಾ 15100ಕ್ಕೆ ಫೋನ್ ಮಾಡು.

ನಿಮ್ಮಪ್ಪನಿಗೂ ಒಂದು ಮಾತು. ಜಮೀನಿನ ಮೇಲೆ ತಡೆಯಾಜ್ಞೆ ಇರುವಾಗ ರಾತ್ರೋರಾತ್ರಿ ಬೇಲಿ ಕೀಳುವ ಯೋಚನೆ ಬಿಡಲಿ. ತಡೆಯಾಜ್ಞೆ ಮುರಿದವನ ಆಸ್ತಿ ಜಪ್ತಿ ಮಾಡಬಹುದು, ಸಿವಿಲ್ ಜೈಲಿಗೆ 3 ತಿಂಗಳವರೆಗೆ ಕಳಿಸಬಹುದು. ಆದೇಶ ತಪ್ಪೆನಿಸಿದರೆ ಮೇಲ್ಮನವಿ ಇದೆ. ಅಯೋಧ್ಯೆಯ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಕೊಟ್ಟ ಮಾತು ಉಳಿಸಿಕೊಳ್ಳದ್ದಕ್ಕೆ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಕಲ್ಯಾಣ್ ಸಿಂಗ್ ಅವರಿಗೇ 1994ರಲ್ಲಿ ಒಂದು ದಿನದ ಜೈಲು, 2000 ರೂಪಾಯಿ ದಂಡ ಬಿತ್ತು. ಶಿಕ್ಷೆ ಸಣ್ಣದು, ಸರಿ. ಆದರೆ ಬಿದ್ದದ್ದು ಯಾರ ಮೇಲೆ ನೋಡು.

ಕೊನೆಯದಾಗಿ, ಯಾರೋ ಖಾಕಿ ತೊಟ್ಟು ವಿಡಿಯೊ ಕಾಲ್‌ನಲ್ಲಿ ವಾರಂಟ್ ತೋರಿಸಿ ‘ಡಿಜಿಟಲ್ ಅರೆಸ್ಟ್’ ಅಂದು ದುಡ್ಡು ಕೇಳಿದರೆ ಹೆದರಬೇಡ. ಅಂಥ ಬಂಧನ ಯಾವ ಕಾನೂನಿನಲ್ಲೂ ಇಲ್ಲ. ಫೋನ್ ಇಟ್ಟು 1930ಕ್ಕೆ ದೂರು ಕೊಡು. ನಿಜವಾದ ಸಮನ್ಸ್ ನಿಮ್ಮಮ್ಮನ ಕೈಯಲ್ಲಿದೆ. ಅದರಲ್ಲಿರುವ ತಾರೀಖು ಓದಿಕೊಂಡು ನಾಳೆಯೇ ವಕೀಲರನ್ನು ಕಾಣು.