ಬಟನ್ ಹಿಂದಿನ ಮರ

ನಮ್ಮ ಗಿರಿನಗರದಂಥ ಬಡಾವಣೆಗಳಲ್ಲಿ ಗಿಟಾರ್ ಎಂದರೆ ಮೊದಲಿಗೆ ಮನೆಯಲ್ಲಿ ಕೂತು ಕಲಿಯುವ ವಾದ್ಯ. ಗಣೇಶೋತ್ಸವಕ್ಕೋ ರಾಜ್ಯೋತ್ಸವಕ್ಕೋ ವಾದ್ಯಗೋಷ್ಠಿಯ ವೇದಿಕೆ ಹತ್ತಬೇಕಾದಾಗ ಅದನ್ನೇ ಹೆಗಲಿಗೆ ಹಾಕಿಕೊಂಡು ನಿಲ್ಲಬೇಕು. ಸ್ಟ್ರ್ಯಾಪಿನ ಯೋಚನೆ ಶುರುವಾಗುವುದು ಆಗಲೇ. ಹೆಚ್ಚಿನವರು ಸ್ಟ್ರ್ಯಾಪಿನ ಅಗಲ, ಚರ್ಮ, ಬಣ್ಣ ನೋಡುತ್ತಾರೆ. ಗಿಟಾರ್ ಬೀಳದಂತೆ ಕಾಯುವುದು ಸ್ಟ್ರ್ಯಾಪ್ ಸಿಕ್ಕಿಸುವ ಬಟನ್ ಕೂತ ಜಾಗ ಮತ್ತು ಅದರ ಹಿಂದಿರುವ ಮರ ಎಂಬುದು ಅನುಭವ ನನಗೆ ಕಲಿಸಿದ ಪಾಠ.

ಅಕೂಸ್ಟಿಕ್ ಗಿಟಾರಿನ ಪಕ್ಕದ ಹಲಗೆ ಸುಮಾರು 2 ಮಿಲಿಮೀಟರ್ ದಪ್ಪ, ಅಷ್ಟೇ. ಅದಕ್ಕೆ ಸ್ಕ್ರೂ ಹಾಕಿದರೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಗಟ್ಟಿ ಮರ ಇರುವುದು ಎರಡೇ ಕಡೆ: ಹಿಂಬದಿಯ ತುದಿಯಲ್ಲಿ ಒಳಗಿರುವ ದಿಮ್ಮಿ, ಮುಂದೆ ಕತ್ತಿನ ಬುಡ. ಹಿಂಬದಿಯ ಬಟನ್ ಸಾಮಾನ್ಯವಾಗಿ ಕಾರ್ಖಾನೆಯಿಂದಲೇ ಬಂದಿರುತ್ತದೆ. ಮುಂದಿನದನ್ನು ನಾವೇ ಹಾಕಿಸಬೇಕು. ಅಲ್ಲಿ ನನ್ನ ಆಯ್ಕೆ ಕತ್ತಿನ ಬುಡದ ಪಕ್ಕ, ಅದೂ ಸಣ್ಣ ತಂತಿಗಳ ಕಡೆಯ ಮೈ. ಕಾರಣ ಸರಳ. ಮರಕ್ಕೆ ಹಾಕಿದ ಸ್ಕ್ರೂ ಅಡ್ಡ ಎಳೆತವನ್ನು ಚೆನ್ನಾಗಿ ತಾಳುತ್ತದೆ, ತನ್ನ ಉದ್ದಕ್ಕೇ ಎಳೆದರೆ ನಿಧಾನವಾಗಿ ಸಡಿಲವಾಗುತ್ತದೆ. ಬಟನ್ ಪಕ್ಕದಲ್ಲಿದ್ದರೆ ಸ್ಟ್ರ್ಯಾಪ್ ಅದನ್ನು ಅಡ್ಡಕ್ಕೆ ಎಳೆಯುತ್ತದೆ. ಬುಡದ ಹಿಂಭಾಗದಲ್ಲಿದ್ದರೆ ಎಳೆತ ಹೆಚ್ಚುಕಡಿಮೆ ಸ್ಕ್ರೂವಿನ ನೇರಕ್ಕೇ ಬರುತ್ತದೆ. ಜೊತೆಗೆ ಗಿಟಾರಿನ ಮುಖ ನೆಲದ ಕಡೆ ವಾಲುತ್ತದೆ. ಬುಡವನ್ನು ತುಂಡುಗಳನ್ನು ಅಂಟಿಸಿ ಮಾಡಿದ್ದರೆ ಅಂಟಿನ ಗೆರೆಯ ಮೇಲೆ ತೂತು ಕೊರೆಯಬಾರದು. ಕತ್ತನ್ನು ಬೋಲ್ಟಿನಿಂದ ಕೂರಿಸಿದ್ದರೆ ಅದು ಎಲ್ಲಿದೆ ಎಂದು ಒಳಗೆ ನೋಡಿಯೇ ಗುರುತು ಹಾಕಬೇಕು.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಮೈಯೆಲ್ಲ ಗಟ್ಟಿ ಮರವಾದರೂ ಜಾಗದ ಪ್ರಶ್ನೆ ತಪ್ಪುವುದಿಲ್ಲ. 1954ರ ಫೆಂಡರ್ ಸ್ಟ್ರಾಟೋಕಾಸ್ಟರಿನ ಮೇಲಿನ ಕೊಂಬು ಬಟನನ್ನು ಸುಮಾರು 12ನೇ ಫ್ರೆಟ್‌ವರೆಗೆ ಮುಂದೆ ಒಯ್ಯುತ್ತದೆ, ಕೈ ಬಿಟ್ಟರೂ ಅದು ಬಹುಮಟ್ಟಿಗೆ ಸಮವಾಗಿ ನಿಲ್ಲುತ್ತದೆ. ಗಿಬ್ಸನ್ ಎಸ್‌ಜಿಯಲ್ಲಿ ಬಟನ್ ಕತ್ತು ಸೇರುವ ಕಡೆ ಹಿಂದಕ್ಕಿದೆ; ಮೈ ಹಗುರ, ಹಾಗಾಗಿ ತಲೆ ಕೆಳಗಿಳಿಯುತ್ತದೆ. ಎಡಗೈ ಸ್ವರ ಹಿಡಿಯುವ ಕೆಲಸ ಬಿಟ್ಟು ಭಾರ ಹೊರುವ ಕೆಲಸಕ್ಕೆ ನಿಲ್ಲುತ್ತದೆ. ಇದು ನನಗೆ ತೀರಾ ಬೇಸರದ ವಿಷಯ.

ಹೊಸ ಗಿಟಾರಿಗೆ ತೂತು ಕೊರೆಯುವುದೇಕೆ, ಕತ್ತಿನ ತುದಿಯ ನಟ್‌ನ ಆಚೆ ತಂತಿಗಳ ಕೆಳಗೆ ದಾರ ತೂರಿಸಿ ಕಟ್ಟಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬುಡದ ಒಳಗೇನಿದೆ ಎಂದು ತಿಳಿಯದ ಗಿಟಾರಿಗೆ, ವಾರಂಟಿ ಉಳಿಯಬೇಕಾದ ಗಿಟಾರಿಗೆ ಅದೇ ಸರಿ. ಆದರೆ ಆಗ ಸ್ಟ್ರ್ಯಾಪ್ ಎಡಗೈಗೆ ಅಡ್ಡ ಬರುತ್ತದೆ, ಕತ್ತಿನ ತುದಿಯ ಮೇಲೆ ಭಾರ ಬೀಳುತ್ತದೆ. ಇನ್ನು ಕೆಲವರು ಲಾಕ್ ಹಾಕಿದರೆ ಚಿಂತೆ ಮುಗಿಯಿತು ಎನ್ನುತ್ತಾರೆ. ಲಾಕ್ ಹಿಡಿಯುವುದು ಸ್ಟ್ರ್ಯಾಪನ್ನು ಬಟನಿಗೆ. ಬಟನನ್ನು ಮರಕ್ಕೆ ಹಿಡಿಯುವುದು ಸ್ಕ್ರೂ ಒಂದೇ. ಮಳೆಗಾಲದಲ್ಲಿ ಉಬ್ಬಿ ಫೆಬ್ರವರಿ–ಮಾರ್ಚಿನ ಒಣಗಾಳಿಗೆ ಕುಗ್ಗುವ ಮರದಲ್ಲಿ ಆ ಸ್ಕ್ರೂವನ್ನು ಆಗಾಗ ಮುಟ್ಟಿ ನೋಡಲೇಬೇಕು. ಅಲುಗಾಡಿದರೆ ಹಲ್ಲುಕಡ್ಡಿಗೆ ಫೆವಿಕಾಲ್ ಸವರಿ ತೂತಿಗೆ ತುರುಕಿ, ಒಣಗಿದ ಮೇಲೆ ಮತ್ತೆ ತಿರುಗಿಸಿದರೆ ಹಿಡಿತ ಬರುತ್ತದೆ.

ನಮ್ಮ ಊರಿಗೇ ಹೆಚ್ಚು ಅನ್ವಯಿಸುವ ಮಾತೊಂದಿದೆ. ಗಿಗ್ ಬ್ಯಾಗನ್ನು ಸ್ಕೂಟರಿನ ಫುಟ್‌ಬೋರ್ಡಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಪ್ರತಿ ಹಂಪಿನ ಪೆಟ್ಟೂ ಹಿಂಬದಿಯ ಬಟನಿನ ಮೂಲಕ ಒಳಗಿನ ದಿಮ್ಮಿಗೇ ಹೋಗುತ್ತದೆ, ಅಲ್ಲಿಂದ ಹಲಗೆ ಸೀಳಬಹುದು. ಬ್ಯಾಗಿನ ತಳಕ್ಕೆ ಒಂದು ದಪ್ಪ ಫೋಮ್ ತುಂಡು ಹಾಕಿ, ಬಟನ್ ಕೂರುವ ಕಡೆ ಅದನ್ನು ಗುಂಡಗೆ ಕೊರೆದುಬಿಡಿ.