ಪ್ಯಾಚ್ ಹಾಕಿದಿರಿ, ರೀಸ್ಟಾರ್ಟ್ ಮಾಡಿದಿರಾ?

ಕಿಂಗ್ಸ್‌ಬರಿಯಲ್ಲಿ ಅಂಗಡಿಯದ್ದೋ ಸಂಘದ್ದೋ ವೆಬ್‌ಸೈಟನ್ನು ಸ್ವಂತ ಸರ್ವರ್‌ನಲ್ಲಿ ನಡೆಸುವವರಿಗೆ ಒಂದು ಮಾತು: ಅಪ್‌ಡೇಟ್ ಹಾಕಿದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ.

2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ನೆನಪಿದೆಯೇ? ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ದೋಷ ಅದು. ನಾಲ್ಕಕ್ಷರ ಕಳಿಸಿ ‘ಅರವತ್ತು ಸಾವಿರ ಇದೆ, ವಾಪಸ್ ಕೊಡು’ ಎಂದರೆ ಸರ್ವರ್ ಎಣಿಸದೆ ನಂಬಿ, ಪಕ್ಕದ ಮೆಮೊರಿಯಲ್ಲಿದ್ದದ್ದನ್ನೆಲ್ಲ ಬಾಚಿ ಕೊಡುತ್ತಿತ್ತು; ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ. ಮಾಮೂಲಿ ಲಾಗ್‌ನಲ್ಲಿ ಅದರ ಕುರುಹೂ ಇರುತ್ತಿರಲಿಲ್ಲ. ಬ್ರಿಟನ್ನಿನ ತಾಯ್ತಂದೆಯರ ತಾಣ ಮಮ್ಸ್‌ನೆಟ್‌ಗೂ ಆಗ ಕನ್ನ ಬಿತ್ತು. 1.0.1ಜಿ ಆವೃತ್ತಿಯಲ್ಲಿ ಬಂದ ರಿಪೇರಿ ಮಾತ್ರ ಬಲು ಚಿಕ್ಕದು: ಹೇಳಿದ ಉದ್ದವನ್ನು ನಿಜಕ್ಕೂ ಬಂದ ಉದ್ದದೊಡನೆ ತಾಳೆ ನೋಡು, ಹೆಚ್ಚಿದ್ದರೆ ಉತ್ತರಿಸದೆ ಬಿಸಾಡು. ಎರಡು ವರ್ಷ ಈ ತಪಾಸಣೆಯೇ ಇರಲಿಲ್ಲ!

ಇಂಥ ಪ್ಯಾಚ್ ಹಾಕಿ ಡಿಸ್ಕ್‌ನಲ್ಲಿ ಫೈಲ್ ಬದಲಾದರೂ ಓಡುತ್ತಿರುವ ಸರ್ವರ್ ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತದೆ. ರೀಸ್ಟಾರ್ಟ್ ಮಾಡಿ. ಇಂಥ ದೋಷದಲ್ಲಿ ಮೆಮೊರಿಯಲ್ಲಿದ್ದ ಕೀಯೂ ಸೋರಿರಬಹುದು; ಆದ್ದರಿಂದ ಆಮೇಲೆ ಹೊಸ ಖಾಸಗಿ ಕೀ, ಹೊಸ ಸರ್ಟಿಫಿಕೇಟ್ ಮಾಡಿಸಿ, ಹಳೆಯದನ್ನು ರದ್ದುಮಾಡಿಸಿ. ಪಾಸ್‌ವರ್ಡ್ ಬದಲಿಸುವುದು ಕಡೆಗೆ, ಏಕೆಂದರೆ ಮೊದಲೇ ಬದಲಿಸಿದರೆ ಹೊಸದೂ ಸೋರಬಹುದು. ಹೋಸ್ಟಿಂಗ್ ಕಂಪನಿಯವರೇ ನೋಡಿಕೊಳ್ಳುತ್ತಾರೆಯೇ? ಇದನ್ನೆಲ್ಲ ಮಾಡಿದ್ದೀರಾ ಎಂದು ಅವರಿಗೊಂದು ಮೇಲ್ ಹಾಕಿ. ದುಡ್ಡು ಕೊಡುವವರು ಕೇಳುವುದಕ್ಕೆ ಸಂಕೋಚವೇಕೆ?